ಹಳೆಯ ಎಸ್‌ಯುವಿ: ಕೊಳ್ಳುವಾಗ ಅಗ್ಗ, ಊರಿಗೆ ಒಯ್ದಾಗ ತುಟ್ಟಿ

ಮುಂಬಯಿ: ಮೇ ರಜೆ, ಚೌತಿ, ಊರಿನ ನೇಮೋತ್ಸವ, ಬ್ರಹ್ಮಕಲಶ ಎಂದು ವರ್ಷದಲ್ಲಿ ಎರಡು ಮೂರು ಬಾರಿ ಊರಿಗೆ ಹೋಗಿ ಬರುವುದು ಮುಂಬಯಿಯ ತುಳು-ಕನ್ನಡಿಗರಿಗೆ ಹೊಸತಲ್ಲ. ಕೊಂಕಣ ರೈಲಿನ ಟಿಕೆಟ್ ಸಿಗದಾಗ, ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಏಳು ಮಂದಿ ಒಟ್ಟಿಗೆ ಹೊರಡುವಾಗ, ಮಳೆಗಾಲದಲ್ಲಿ ಮನೆಯಂಗಳದವರೆಗಿನ ಕೆಸರು ದಾರಿ ನೆನಪಾದಾಗ ಎತ್ತರದ ಎಸ್‌ಯುವಿ ಒಂದಿದ್ದರೆ ಎಂಬ ಆಸೆ ಹುಟ್ಟುವುದು ಸಹಜ. ಹೊಸದರ ಬೆಲೆ ಕೈಗೆಟುಕದಿದ್ದಾಗ ಕಣ್ಣು ಹಳೆಯ ಸ್ಕಾರ್ಪಿಯೋ, ಸಫಾರಿ, ಬೊಲೆರೊ, ಥಾರ್‌ಗಳತ್ತ ಹೊರಳುತ್ತದೆ. ಆದರೆ ಇಂತಹ ವಾಹನದ ನಿಜವಾದ ಬೆಲೆ ಮಾರುವವನು ಹೇಳಿದ ಮೊತ್ತವಲ್ಲ. ಅದು ಮುಂದೆ ಯಾವ ರಾಜ್ಯದಲ್ಲಿ ಓಡಲಿದೆ ಎಂಬುದರ ಮೇಲೆ ಆ ಬೆಲೆ ನಿರ್ಧಾರವಾಗುತ್ತದೆ.

ದಿಲ್ಲಿಯ ಡೀಸೆಲ್ ಏಕೆ ಅಗ್ಗ?

2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ದಿಲ್ಲಿ ಮತ್ತು ರಾಜಧಾನಿ ವಲಯದಲ್ಲಿ 10 ವರ್ಷ ಮೀರಿದ ಡೀಸೆಲ್ ಹಾಗೂ 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಸಂಚಾರಕ್ಕೆ ತಡೆ ಹಾಕಿತು. 2025ರ ಜುಲೈ 1ರಿಂದ ಇಂತಹ ವಾಹನಗಳಿಗೆ ದಿಲ್ಲಿಯ ಪಂಪುಗಳಲ್ಲಿ ಇಂಧನ ನಿಲ್ಲಿಸುವ ಕ್ರಮ ಆರಂಭಗೊಂಡು ಕೆಲವೇ ದಿನಗಳಲ್ಲಿ ತಡೆಹಿಡಿಯಲ್ಪಟ್ಟಿತು. ಅದೇ ವರ್ಷ ಆಗಸ್ಟ್‌ನಲ್ಲಿ ಬಲವಂತದ ಕ್ರಮ ಬೇಡವೆಂದ ನ್ಯಾಯಾಲಯ, ಡಿಸೆಂಬರ್‌ನಲ್ಲಿ ಆ ರಕ್ಷಣೆಯನ್ನು ಬಿಎಸ್-4 ಹಾಗೂ ಅದಕ್ಕಿಂತ ಹೊಸ ವಾಹನಗಳಿಗೆ ಮಾತ್ರ ಸೀಮಿತಗೊಳಿಸಿತು.

ಈ ಅನಿಶ್ಚಿತತೆಯ ಪರಿಣಾಮ ಬೆಲೆಯ ಮೇಲೆ ಬೀಳುತ್ತದೆ. ದಿಲ್ಲಿಯಲ್ಲಿ ಬೆಲೆ ಕಳೆದುಕೊಂಡ ಡೀಸೆಲ್ ಎಸ್‌ಯುವಿಗಳು ಎನ್‌ಒಸಿ ಪಡೆದು ಬೇರೆ ರಾಜ್ಯಗಳಿಗೆ ಹೋಗುತ್ತವೆ. ಕಾನೂನಿನಲ್ಲಿ ಇದಕ್ಕೆ ಅವಕಾಶವಿದೆ. ಆದರೆ ಮಾರಿದವನ ತಲೆನೋವು ಕೊಂಡವನ ಮನೆಗೆ ಬಾರದಿರಬೇಕಾದರೆ, ಮುಂಗಡ ಕೊಡುವ ಮೊದಲೇ ವಾಹನವನ್ನು ನೋಂದಾಯಿಸಲಿರುವ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ಊರಲ್ಲೇ ಉಳಿದರೆ ತೆರಿಗೆ

ಮಹಾರಾಷ್ಟ್ರ ನೋಂದಣಿಯ ವಾಹನದಲ್ಲಿ ಊರಿಗೆ ಹೋಗಿ ಹದಿನೈದು ದಿನಗಳಲ್ಲಿ ಮರಳುವವರಿಗೆ ಮರುನೋಂದಣಿಯ ಚಿಂತೆಯಿಲ್ಲ. ತೊಡಕು ಬರುವುದು ವಾಹನವನ್ನು ತಂದೆ-ತಾಯಿಯ ಉಪಯೋಗಕ್ಕೆಂದು ಊರಲ್ಲೇ ಬಿಟ್ಟಾಗ ಅಥವಾ ಮುಂಬಯಿ ಬಿಟ್ಟು ಊರಲ್ಲಿ ನೆಲೆಸಿದಾಗ. ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನ ಪ್ರಕಾರ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರಿಸುವ ವಾಹನಕ್ಕೆ ಅಲ್ಲಿನ ಹೊಸ ನಂಬರ್ ಪಡೆಯಬೇಕು.

ಕರ್ನಾಟಕದ ಜೀವಾವಧಿ ತೆರಿಗೆ ದೇಶದಲ್ಲೇ ಹೆಚ್ಚಿನದರ ಸಾಲಿಗೆ ಸೇರಿದೆ. ಕಾರುಗಳಿಗೆ ಬೆಲೆಗೆ ತಕ್ಕಂತೆ ಶೇ. 13ರಿಂದ 18ರವರೆಗೆ ತೆರಿಗೆ, ಅದರ ಮೇಲೆ ಸೆಸ್. 10ರಿಂದ 20 ಲಕ್ಷ ರೂ. ಬೆಲೆಯವಕ್ಕೆ ಶೇ. 17. ಅಂದರೆ 16 ಲಕ್ಷದ ಹೊಸ ವಾಹನಕ್ಕೆ ಸೆಸ್ ಬಿಟ್ಟೇ 2.72 ಲಕ್ಷ ರೂ. ವಾಹನ ಹಳೆಯದಾದಂತೆ ಈ ಮೊತ್ತ ಇಳಿಯುತ್ತದೆ ನಿಜ. ಆದರೆ ಲೆಕ್ಕ ಹಾಕುವುದು ಹೊಸದಾಗಿದ್ದಾಗಿನ ಬೆಲೆಯ ಮೇಲೆ. ನಾಲ್ಕು ಲಕ್ಷಕ್ಕೆ ಕೊಂಡೆವು ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ಮೊದಲ ರಾಜ್ಯದಲ್ಲಿ ಕಟ್ಟಿದ ತೆರಿಗೆಯ ಉಳಿದ ಪಾಲನ್ನು ಮರಳಿ ಪಡೆಯಬಹುದಾದರೂ, ಅದಕ್ಕೆ ಅರ್ಜಿ ಹಾಕಿ ಕಾಯಬೇಕು.

2021ರಲ್ಲಿ ಬಂದ ಬಿಎಚ್ ಸರಣಿಯ ನಂಬರ್ ಸರಕಾರಿ ನೌಕರರಿಗೆ ಮತ್ತು ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಸಂಸ್ಥೆಗಳ ನೌಕರರಿಗೆ ಲಭ್ಯ. ಬ್ಯಾಂಕು ನೌಕರರಿಗೆ ಇದರಿಂದ ಅನುಕೂಲವಾದೀತು. ಸ್ವಂತ ಹೋಟೆಲು, ಅಂಗಡಿ ನಡೆಸುವವರಿಗೆ ಈ ದಾರಿಯಿಲ್ಲ.

ವಯಸ್ಸೂ ಮುಖ್ಯ. 15 ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂ.ಗಳಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ಮೀರಿದವಕ್ಕೆ 10,000 ರೂ. ನಿಗದಿಯಾಯಿತು. 13 ವರ್ಷ ಹಳೆಯ ವಾಹನ ಕೊಳ್ಳುವವರು ಎರಡೇ ವರ್ಷಗಳಲ್ಲಿ ಈ ಖರ್ಚಿಗೆ ಸಿದ್ಧರಿರಬೇಕು.

ಹೊಳಪಿನ ಕೆಳಗೆ ಏನಿದೆ?

ಎಸ್‌ಯುವಿ ಎಂದ ಮಾತ್ರಕ್ಕೆ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುತ್ತದೆ ಎಂದಲ್ಲ. ರಸ್ತೆಯಲ್ಲಿ ಕಾಣುವ ಸ್ಕಾರ್ಪಿಯೋ, ಬೊಲೆರೊಗಳಲ್ಲಿ ಬಹುಪಾಲು ಹಿಂಬದಿ ಚಕ್ರಗಳ ಬಲದಲ್ಲೇ ಓಡುವಂಥವು. ಫೋರ್‌ವೀಲ್ ಡ್ರೈವ್ ಇದೆ ಎಂದರೆ ಸಡಿಲ ಮಣ್ಣಿನ ಮೇಲೆ ಅದನ್ನು ಹಾಕಿ, ಲೋ ಗೇರಿನಲ್ಲೂ ಓಡಿಸಿ ನೋಡಬೇಕು. ವರ್ಷಗಟ್ಟಲೆ ಬಳಸದೆ ಕೈಕೊಟ್ಟಿದ್ದರೆ ರಿಪೇರಿ ಖರ್ಚು ಸಣ್ಣದಲ್ಲ.

ಕರಾವಳಿಯ ಉಪ್ಪುಗಾಳಿಯಲ್ಲಿ ಓಡಿದ ವಾಹನವನ್ನು ಜ್ಯಾಕ್ ಮೇಲೆ ಎತ್ತಿಸಿ ಚಾಸಿಯ ತುಕ್ಕು, ವೆಲ್ಡಿಂಗ್ ಗುರುತುಗಳನ್ನು ಪರೀಕ್ಷಿಸಬೇಕು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದು ಕಾರುಗಳು ಮುಳುಗಿದ್ದನ್ನು ಕಂಡ ಮುಂಬಯಿಗರಿಗೆ ನೆರೆನೀರಿನ ಹಾನಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದರೆ ಕೆಸರಿನ ಗೆರೆ, ಕಾರ್ಪೆಟ್ ಎತ್ತಿದರೆ ಮುಗ್ಗಲು ವಾಸನೆ ನಿಜ ಹೇಳುತ್ತವೆ.

ಭಾರೀ ಟಯರು, ಮುಂಭಾಗದ ಕಬ್ಬಿಣದ ಗಾರ್ಡುಗಳ ಸೊಗಸಿಗೆ ಮರುಳಾಗುವುದೂ ಬೇಡ. ಇಂತಹ ಗಾರ್ಡುಗಳ ವಿರುದ್ಧ ಕ್ರಮಕ್ಕೆ ಕೇಂದ್ರವು 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಸೂಚಿಸಿತ್ತು. ತಯಾರಕರ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ.

ಎಲ್ಲಕ್ಕಿಂತ ಮಿಗಿಲು ಮನೆಮಂದಿಯ ಸುರಕ್ಷೆ. ಹಳೆಯ ಹಲವು ಎಸ್‌ಯುವಿಗಳ ಹಿಂಬದಿಯಲ್ಲಿ ಎದುರುಬದುರಾದ ಅಡ್ಡ ಸೀಟುಗಳಿದ್ದು, ಅವಕ್ಕೆ ಸರಿಯಾದ ಬೆಲ್ಟ್ ಇರುವುದಿಲ್ಲ. ಮಕ್ಕಳನ್ನು ಕೂರಿಸುವುದು ಬಹುತೇಕ ಅಲ್ಲೇ. ಮಂಗಳೂರಿಗೆ ಸುಮಾರು 900 ಕಿ.ಮೀ. ದಾರಿ, ಅದರಲ್ಲೂ ರಾತ್ರಿ ಪ್ರಯಾಣ ಎಂದಾಗ ಇದು ಸಣ್ಣ ವಿಷಯವಲ್ಲ. 2019ರ ಜುಲೈ ನಂತರ ತಯಾರಾದ ವಾಹನಗಳಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಸ್ವಲ್ಪ ಹೆಚ್ಚು ಹಣ ಕೊಟ್ಟಾದರೂ ಆ ನಂತರದ ವಾಹನ ಕೊಂಡರೆ ಹಣ ವ್ಯರ್ಥವಾಗದು.

ಮಾರುವವರಿಗೂ ಎಚ್ಚರಿಕೆ

ಪರಿಚಯದವರೊಳಗೆ, ಸಂಘದ ಸದಸ್ಯರೊಳಗೆ ವ್ಯವಹಾರ ನಡೆದಾಗ "ಹೆಸರು ಬದಲಾವಣೆ ನಿಧಾನಕ್ಕೆ ಮಾಡಿಸೋಣ" ಎಂಬ ಸಲಿಗೆ ಸಾಮಾನ್ಯ. ಆದರೆ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಮಾರಿದವರು ರಾಜ್ಯದೊಳಗಾದರೆ 14 ದಿನ, ಹೊರರಾಜ್ಯಕ್ಕಾದರೆ 45 ದಿನಗಳೊಳಗೆ ಮಾಹಿತಿ ಕೊಡಬೇಕು. ವಿಮೆಯನ್ನೂ ಕೊಂಡವರ ಹೆಸರಿಗೆ ಮಾಡಿಸದಿದ್ದರೆ ವಾಹನದ ಹಾನಿಗೆ ಪರಿಹಾರ ಸಿಗುವುದು ಕಷ್ಟ. ಬ್ಯಾಂಕಿನ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಅಡವು ಉಳಿದಿದೆಯೇ, ಬಾಕಿ ಚಲನ್‌ಗಳಿವೆಯೇ ಎಂಬುದನ್ನು ಕೊಳ್ಳುವವರು ಸಾರಿಗೆ ಇಲಾಖೆಯ ಪರಿವಾಹನ್ ದಾಖಲೆಯಲ್ಲಿ ಮೊದಲೇ ನೋಡಿಕೊಳ್ಳಬಹುದು.

ಸಂಘ-ಸಂಸ್ಥೆಗಳಲ್ಲಿ ವಾಹನದ ಕೆಲಸ ಬಲ್ಲ ಗ್ಯಾರೇಜಿನವರು, ವಿಮಾ ಏಜೆಂಟರು, ವಕೀಲರು ಸದಸ್ಯರಾಗಿರುತ್ತಾರೆ. ಮಳೆಗಾಲಕ್ಕೆ ಮುನ್ನ ಇವರನ್ನೆಲ್ಲ ಒಂದು ಭಾನುವಾರ ಕೂರಿಸಿ ಸದಸ್ಯರಿಗೆ ಮಾಹಿತಿ ಕೊಡಿಸಿದರೆ, ಊರಿಗೆಂದು ಕೂಡಿಟ್ಟ ಹಣ ಗ್ಯಾರೇಜಿಗೂ ಆರ್‌ಟಿಒ ಕಚೇರಿಗೂ ಸುರಿಯುವುದು ತಪ್ಪೀತು.