‘ಎಣ್ಣೆ ಹೊಡೆದಿದ್ದಾನೆ’ ಎಂದರೆ ಯಾವ ಎಣ್ಣೆ?



ವಿಜಾಪುರ, ಬಾಗಲಕೋಟೆ, ಗದಗ ಕಡೆಯಿಂದ ದುಡಿಮೆಗಾಗಿ ಉಸಗಾಂವಕ್ಕೆ ಬಂದಿರುವ ನಮ್ಮ ಜನರ ಬಾಯಲ್ಲಿ ಒಂದೇ ಮಾತಿಗೆ ಎರಡು ಅರ್ಥವಿದೆ. ಬೆಳೆಗೆ ಕೀಟನಾಶಕ ಸಿಂಪಡಿಸುವುದೂ ‘ಎಣ್ಣಿ ಹೊಡಿಯೋದು’, ಸಾರಾಯಿ ಕುಡಿಯುವುದೂ ‘ಎಣ್ಣಿ ಹೊಡಿಯೋದು’. ಕೇಳಲು ತಮಾಷೆಯಾಗಿದೆ. ಆದರೆ ಸಂಜೆ ತೋಟದ ಕೆಲಸದಿಂದ ಬಂದವನೊಬ್ಬ ತೂರಾಡುತ್ತಾ, ತೊದಲುತ್ತಾ ಅಂಗಳದಲ್ಲಿ ಕುಸಿದಾಗ ‘ಎಣ್ಣಿ ಹೊಡದಾನ, ಮಲಗಲಿ ಬಿಡ್ರಿ’ ಎಂದು ಬಾಗಿಲು ಎಳೆದುಕೊಂಡರೆ, ಅದು ಯಾವ ಎಣ್ಣೆಯೆಂದು ನೋಡಿದವರು ಯಾರು? ಕೀಟನಾಶಕದ ವಿಷವೇರಿದ್ದರೆ ಆತ ಬೆಳಿಗ್ಗೆ ಏಳದೇ ಇರಬಹುದು.

‘ಕುಡಿದಿದ್ದಾನೆ’ ಎಂಬುದು ತೀರ್ಪೇ ಹೊರತು ವರ್ಣನೆಯಲ್ಲ. ತೀರ್ಪು ಕೊಟ್ಟ ಕೂಡಲೇ ನಾವು ನೋಡುವುದನ್ನು ನಿಲ್ಲಿಸುತ್ತೇವೆ. ಆದ್ದರಿಂದ ಕಂಡದ್ದನ್ನು ಕಂಡಂತೆ ಹೇಳುವ ಕೆಲವು ಮಾತುಗಳನ್ನು ಪ್ರತಿ ಮನೆಯವರೂ ಕಲಿಯಬೇಕೆಂಬುದು ನನ್ನ ಆಗ್ರಹ. ಹೊಸದಾಗಿ ಹುಡುಕಬೇಕಾಗಿಲ್ಲ, ನಮ್ಮ ಭಾಷೆಯಲ್ಲೇ ಇವೆ. ಕರೆದರೆ ಓಗೊಟ್ಟು, ಬಿಟ್ಟರೆ ಮತ್ತೆ ಕಣ್ಣು ಮುಚ್ಚುವುದು ಮಂಪರು. ಭುಜ ಹಿಡಿದು ಅಲುಗಿಸಿದರೂ ಏಳದಿದ್ದರೆ ಅದು ಮಂಪರಲ್ಲ, ಪ್ರಜ್ಞೆ ತಪ್ಪಿದ ಸ್ಥಿತಿ. ಇಲ್ಲದ್ದನ್ನು ಕಾಣುವುದು, ಇಲ್ಲದವರೊಡನೆ ಮಾತಾಡುವುದು ಭ್ರಮೆ. ಇವೆಲ್ಲವನ್ನೂ ‘ನಶಾ’ ಎಂಬ ಒಂದೇ ಗೋಣಿಚೀಲಕ್ಕೆ ತುಂಬಿದರೆ ವೈದ್ಯರಿಗೆ ಏನು ತಿಳಿದೀತು?

ಎಲ್ಲಕ್ಕಿಂತ ಮೊದಲು ಕಣ್ಣಿನ ಪಾಪೆಯನ್ನು ನೋಡಿ. ಪಾಪೆ ಎಂದರೆ ಕನ್ನಡದಲ್ಲಿ ಗೊಂಬೆಯೂ ಹೌದು. ಲ್ಯಾಟಿನ್ ಭಾಷೆಯಲ್ಲೂ ಅದಕ್ಕೆ ‘ಪುಪಿಲ್ಲಾ’, ಅಂದರೆ ಪುಟ್ಟ ಗೊಂಬೆ ಎಂದೇ ಹೆಸರು. ಎದುರಿನವರ ಕಣ್ಣಲ್ಲಿ ನಮ್ಮದೇ ಚಿಕ್ಕ ಬಿಂಬ ಕಾಣುತ್ತದಲ್ಲವೇ! ಅಫೀಮು ಮತ್ತು ಅದೇ ಜಾತಿಯ ಹೆರಾಯಿನ್, ಕೋಡೀನ್ ಬೆರೆತ ಕೆಮ್ಮಿನ ಸಿರಪ್ಪು ಮಿತಿಮೀರಿದರೆ ಪಾಪೆ ಸೂಜಿಮೊನೆಯಷ್ಟು ಕಿರಿದಾಗುತ್ತದೆ, ಉಸಿರು ನಿಧಾನವಾಗುತ್ತದೆ, ತುಟಿ ನೀಲಿಗಟ್ಟುತ್ತದೆ. ಕೀಟನಾಶಕದ ವಿಷದಲ್ಲೂ ಪಾಪೆ ಕಿರಿದಾಗುತ್ತದೆ. ಆದರೆ ಜೊತೆಗೆ ಜೊಲ್ಲು, ಕಣ್ಣೀರು, ಬೆವರು ಸುರಿಯುತ್ತವೆ, ವಾಂತಿ ಭೇದಿಯಾಗುತ್ತದೆ, ಮಾಂಸಖಂಡಗಳು ಅದುರುತ್ತವೆ. ಬೇಲಿಯ ಪಕ್ಕದ ಉಮ್ಮತ್ತಿಯ ಬೀಜ ತಿಂದವನಲ್ಲಿ ಇದಕ್ಕೆ ತದ್ವಿರುದ್ಧ: ಪಾಪೆ ಅಗಲ, ಬಾಯಿ ಒಣ, ಚರ್ಮ ಕೆಂಪು ಮತ್ತು ಬಿಸಿ, ಮನಸ್ಸು ಭ್ರಮೆಯಲ್ಲಿ. ಉಮ್ಮತ್ತಿಯಲ್ಲಿರುವ ಅಟ್ರೋಪಿನ್ ಎಂಬ ಅಂಶವನ್ನೇ ವೈದ್ಯರು ಅಳತೆಯಿಂದ ಚುಚ್ಚುಮದ್ದಾಗಿ ಕೊಟ್ಟು ಕೀಟನಾಶಕದ ವಿಷವನ್ನು ಇಳಿಸುತ್ತಾರೆ. ಇದನ್ನು ಓದಿ ಯಾರೂ ಉಮ್ಮತ್ತಿ ಅರೆಯಲು ಹೋಗಬೇಡಿ. ಮನೆಯಲ್ಲಿ ಅದು ವಿಷಕ್ಕೆ ವಿಷ ಸೇರಿಸಿದಂತೆ.

ಗಾಂಜಾದಲ್ಲಿ ಕಣ್ಣು ಕೆಂಪಾಗುತ್ತದೆ, ಬಾಯಿ ಒಣಗುತ್ತದೆ, ನಾಡಿ ಓಡುತ್ತದೆ, ಹೊತ್ತು ಹೋದದ್ದು ತಿಳಿಯುವುದಿಲ್ಲ. ಸಾರಾಯಿಯ ಅಮಲಿನಲ್ಲಿ ಬೆರಳನ್ನು ಕಣ್ಣೆದುರು ನಿಧಾನವಾಗಿ ಪಕ್ಕಕ್ಕೆ ಸರಿಸಿದರೆ ನೋಟ ನಯವಾಗಿ ಹಿಂಬಾಲಿಸದೆ ಕುಪ್ಪಳಿಸುತ್ತದೆ. ಕಡಲತೀರದ ಪಾರ್ಟಿಗಳ ಮಾದಕ ಗುಳಿಗೆಗಳ ಬಗ್ಗೆ ಪತ್ರಿಕೆಗಳು ಬೇಕಾದಷ್ಟು ಬರೆಯುತ್ತವೆ. ನಮ್ಮ ಬಾಡಿಗೆ ಕೋಣೆಗಳಲ್ಲಿ ನನಗೆ ಹೆಚ್ಚು ಭಯವಿರುವುದು ನಿದ್ರೆ ಮಾತ್ರೆಯ ಮೇಲೆ ಸಾರಾಯಿ ಕುಡಿಯುವ ರೂಢಿಯ ಬಗ್ಗೆ. ಎರಡೂ ಸೇರಿ ಉಸಿರನ್ನೇ ಅದುಮುತ್ತವೆ. ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಗಡಿಯಾರ ಹಿಡಿದು ಎಣಿಸಿ. ಹತ್ತಕ್ಕಿಂತ ಕಡಿಮೆಯಾದರೆ ಒಂದು ಗಳಿಗೆಯೂ ಕಾಯಬಾರದು.

ಕುಡಿಯದವನೂ ಕುಡಿದವನಂತೆ ಕಾಣಬಹುದು. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಂಡು ಊಟ ಬಿಟ್ಟವನು ಬೆವರಿ, ನಡುಗಿ, ಸಿಡಿಮಿಡಿಗುಟ್ಟಿ, ಮಾತು ತಪ್ಪುತ್ತಾನೆ. ಲಕ್ವ ಹೊಡೆದವನೂ ತೊದಲುತ್ತಾನೆ, ಆದರೆ ಬಾಯಿ ಒಂದು ಕಡೆಗೆ ವಾಲಿರುತ್ತದೆ, ಒಂದು ಕೈ ಮೇಲೇಳುವುದಿಲ್ಲ. ಬಿದ್ದು ತಲೆಗೆ ಪೆಟ್ಟಾದವನಲ್ಲಿ ಒಂದು ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿರಬಹುದು. ಇಂಥವನು ಕುಡಿದೂ ಇರಬಹುದು! ಬಾಯಿಯ ವಾಸನೆ ಎಲ್ಲವನ್ನೂ ಹೇಳುವುದಿಲ್ಲ.

ಲಾರಿ ಓಡಿಸುವ ಸಹೋದರರಿಗೆ ಒಂದು ಮಾತು. ನೆಗಡಿಗೆಂದು ನುಂಗುವ ಕೆಲವು ಮಾತ್ರೆಗಳೂ ಜೋಂಪು ತರುತ್ತವೆ. 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮು 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರದ ಮಿತಿ ಹಾಕಿರುವುದಷ್ಟೇ ಅಲ್ಲ, ವಾಹನದ ಹಿಡಿತ ತಪ್ಪಿಸುವಷ್ಟು ಮಾದಕ ದ್ರವ್ಯ ಸೇವಿಸಿ ಓಡಿಸುವುದನ್ನೂ ಅಪರಾಧವೆಂದಿದೆ. ಮಾತ್ರೆ ಕೊಳ್ಳುವಾಗ ‘ನಿದ್ದೆ ಬರುತ್ತದೆಯೇ?’ ಎಂದು ಕೇಳಲು ಸಂಕೋಚವೇಕೆ?

ಕುಸಿದವನಿಗೆ ಮಜ್ಜಿಗೆ, ನಿಂಬೆರಸ, ಉಪ್ಪುನೀರು ಹೊಯ್ಯಬೇಡಿ. ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, 108ಕ್ಕೆ ಫೋನ್ ಮಾಡಿ. ಪೊಲೀಸರಿಗೆ ಹೆದರಿ ವೈದ್ಯರೆದುರು ಸುಳ್ಳು ಹೇಳಬೇಡಿ. ಏನು ಸೇವಿಸಿದ, ಎಷ್ಟು, ಯಾವಾಗ ಎಂಬುದೇ ಅವರಿಗೆ ಬೇಕು. ಫೋಂಡಾದಲ್ಲಾಗಲಿ ಬಾಂಬೋಳಿಯಲ್ಲಾಗಲಿ ಆಸ್ಪತ್ರೆಯವರ ಮಾತು ಹೆಚ್ಚಾಗಿ ಕೊಂಕಣಿ, ಹಿಂದಿ, ಇಂಗ್ಲಿಷ್. ಆದ್ದರಿಂದ ಕಂಡದ್ದನ್ನು ವಿವರಿಸಬಲ್ಲ ಒಬ್ಬರು ಜೊತೆಗೆ ಹೋಗಲಿ. ಕೀಟನಾಶಕವೆಂಬ ಸಂಶಯವಿದ್ದರೆ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಬಟ್ಟೆ ಕಳಚಿ, ಮೈಯನ್ನು ಸಾಬೂನು ನೀರಿನಿಂದ ತೊಳೆಯಿರಿ. ಔಷಧಿಯ ಸೀಸೆಯನ್ನು ಎಸೆಯದೆ ಕಟ್ಟಿಕೊಂಡು ಹೋಗಿ. ಅದರ ಲೇಬಲ್ಲಿನ ಮೇಲೆ ಬಣ್ಣದ ಗುರುತಿದೆ: ಕೆಂಪು ಅತ್ಯಂತ ಘೋರ ವಿಷ, ನಂತರ ಹಳದಿ, ನೀಲಿ, ಹಸಿರು. ಓದು ಬಾರದವರೂ ಆ ಬಣ್ಣವನ್ನು ವೈದ್ಯರಿಗೆ ಹೇಳಬಹುದು.