ಹೊಸ ಕಂಪ್ಯೂಟರ್ ಬರುವವರೆಗೆ ಕಾಯಬೇಕೆ?

ನಮ್ಮ ಲ್ಯಾಬ್‌ನ ಕಂಪ್ಯೂಟರ್‌ಗಳು ನಿಧಾನ ಎಂಬುದು ಎಲ್ಲರ ದೂರು. ಪ್ರಾಕ್ಟಿಕಲ್ ಅವಧಿಯ ಮೊದಲ ಹತ್ತು ನಿಮಿಷ ಪರದೆ ನೋಡುತ್ತ ಕೂರುವುದರಲ್ಲೇ ಹೋಗುತ್ತದೆ. ಮನೆಯಲ್ಲಿ ಲ್ಯಾಪ್‌ಟಾಪ್ ಇರುವವರಿಗೆ ಇದು ದೊಡ್ಡ ನಷ್ಟವಲ್ಲ. ಇಲ್ಲದವರಿಗೆ ಕೀಬೋರ್ಡ್ ಸಿಗುವುದೇ ಆ ಅವಧಿಯಲ್ಲಿ. ಹಾಗಾಗಿ ಹೊಸ ಕಂಪ್ಯೂಟರ್ ಬೇಕೆಂಬ ಬೇಡಿಕೆ ನ್ಯಾಯವೇ. ಆದರೆ ಅದು ಬರುವವರೆಗೆ ಸುಮ್ಮನೆ ಕೂರುವುದನ್ನು ನಾನು ಒಪ್ಪುವುದಿಲ್ಲ.

ನಮ್ಮವು 4 ಜಿಬಿ ರ‍್ಯಾಮ್‌ನ ಯಂತ್ರಗಳು. ಅದರಲ್ಲಿ ದೊಡ್ಡ ಪಾಲು ವಿಂಡೋಸ್‌ಗೇ ಬೇಕು. ಉಳಿದದ್ದರಲ್ಲಿ ಯಾರೂ ಕರೆಯದೆ ಬಂದು ಕುಳಿತವರು ಹಲವರು: ಒನ್‌ಡ್ರೈವ್, ಎಂದೋ ಹಾಕಿದ ವಿಡಿಯೊ ಕರೆಯ ಆಪ್, ಪ್ರಿಂಟರ್ ಜೊತೆ ಬಂದ ಸಹಾಯಕ ತಂತ್ರಾಂಶ. ರ‍್ಯಾಮ್ ತುಂಬಿದರೆ ವಿಂಡೋಸ್ ಹಾರ್ಡ್ ಡಿಸ್ಕ್‌ನ ಒಂದು ಭಾಗವನ್ನೇ ರ‍್ಯಾಮ್‌ನಂತೆ ಬಳಸುತ್ತದೆ. ತಿರುಗುವ ಹಳೆಯ ಡಿಸ್ಕ್‌ಗೆ ಆ ವೇಗ ಎಲ್ಲಿಂದ ಬರಬೇಕು? ಸಿಪಿಯು ಡಬ್ಬದ ಮೇಲಿನ ದೀಪ ಬಿಡದೆ ಮಿಣುಕುವುದು ಆಗಲೇ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿನ ‘ಸ್ಟಾರ್ಟ್‌ಅಪ್’ ಪಟ್ಟಿಯಲ್ಲಿ ಬೇಡದ್ದನ್ನು ಆರಿಸಿ ‘ಡಿಸೇಬಲ್’ ಮಾಡಿದರೆ ಸಾಕು. ಪ್ರೋಗ್ರಾಂ ಅಳಿದುಹೋಗುವುದಿಲ್ಲ, ಕಂಪ್ಯೂಟರ್ ಶುರುವಾದಾಗ ತಾನಾಗಿ ಏಳುವುದಿಲ್ಲ, ಅಷ್ಟೆ. ‘ಎಂಡ್ ಟಾಸ್ಕ್’ ಒತ್ತಿದರೆ ಮುಂದಿನ ಬಾರಿ ಆನ್ ಮಾಡುವಾಗ ಅದು ಮತ್ತೆ ಹಾಜರ್. ಕ್ರೋಮ್ ಕೂಡ ಮುಚ್ಚಿದ ಮೇಲೆ ಹಿನ್ನೆಲೆಯಲ್ಲಿ ಓಡುತ್ತಿರಬಹುದು. ಅದರ ಸೆಟ್ಟಿಂಗ್ಸ್‌ನ ‘ಸಿಸ್ಟಮ್’ ವಿಭಾಗದಲ್ಲಿ ಇದನ್ನು ನಿಲ್ಲಿಸಬಹುದು.

ಯೂಟ್ಯೂಬ್ ನೋಡಿ ‘ಸರ್ವಿಸಸ್’ ಪಟ್ಟಿಗೆ ಕೈಹಾಕಿ ಸಿಕ್ಕಿದ್ದೆಲ್ಲ ಆಫ್ ಮಾಡುವ ಉತ್ಸಾಹಿಗಳೂ ನಮ್ಮಲ್ಲಿದ್ದಾರೆ. ಪ್ರಿಂಟ್ ಸ್ಪೂಲರ್ ನಿಲ್ಲಿಸಿದರೆ ಪ್ರಿಂಟರ್ ಕೆಲಸ ಮಾಡದು. ಆ್ಯಂಟಿವೈರಸ್ ಅಂತೂ ಮುಟ್ಟಲೇಬಾರದು, ನಮ್ಮ ಪೆನ್‌ಡ್ರೈವ್‌ಗಳು ಎಷ್ಟು ಕೈ ತಿರುಗುತ್ತವೆ ಎಂದು ಎಲ್ಲರಿಗೂ ಗೊತ್ತು. ಇನ್ನು ‘ರ‍್ಯಾಮ್ ಬೂಸ್ಟರ್’ ಎಂಬ ಉಚಿತ ತಂತ್ರಾಂಶಗಳು! ಅವೂ ಹಿನ್ನೆಲೆಯಲ್ಲೇ ಕುಳಿತು ರ‍್ಯಾಮ್ ತಿನ್ನುತ್ತವೆ. ರ‍್ಯಾಮ್ ಪೂರ್ತಿ ಖಾಲಿ ಇರಬೇಕೆಂಬ ಹಟವೂ ಬೇಡ. ಬಿಡುವಾಗಿರುವ ಜಾಗದಲ್ಲಿ ವಿಂಡೋಸ್ ಮುಂದೆ ಬೇಕಾಗಬಹುದಾದ ಫೈಲ್‌ಗಳನ್ನು ಇಟ್ಟುಕೊಂಡು ಬೇಗ ತೆರೆಯುತ್ತದೆ.

‘ಸೆಟ್ಟಿಂಗ್ಸ್ ಮುಟ್ಟಬೇಡಿ’ ಎಂಬ ಲ್ಯಾಬ್ ನಿಯಮದ ಕಾರಣ ನನಗೆ ಅರ್ಥವಾಗುತ್ತದೆ. ಕೆಲವು ಬದಲಾವಣೆಗಳಿಗೆ ಅಡ್ಮಿನ್ ಪಾಸ್‌ವರ್ಡ್ ಕೂಡ ಬೇಕು, ಅದು ಸರ್ ಬಳಿಯೇ ಇರಲಿ. ಆದರೆ ಒಂದು ಶನಿವಾರ ಅವರ ಎದುರಿನಲ್ಲೇ ದ್ವಿತೀಯ ಪಿಯುಸಿಯ ನಾವು ಒಂದೊಂದು ಯಂತ್ರವನ್ನು ನೋಡಬಹುದಲ್ಲವೇ? ಮೊದಲು ಎಷ್ಟು ಮೆಮೊರಿ ಬಳಕೆಯಾಗುತ್ತಿತ್ತು, ಆಮೇಲೆ ಎಷ್ಟು ಎಂದು ರಿಜಿಸ್ಟರ್‌ನಲ್ಲಿ ಬರೆಯೋಣ. ಆಮೇಲೂ ಯಾವುದು ತೆವಳುತ್ತದೋ ಅದಕ್ಕೆ ಹೆಚ್ಚುವರಿ ರ‍್ಯಾಮ್ ಅಥವಾ ಎಸ್‌ಎಸ್‌ಡಿ ಕೊಡಿಸಿ ಎಂದು ಅದೇ ರಿಜಿಸ್ಟರ್ ಹಿಡಿದು ಪ್ರಾಂಶುಪಾಲರ ಬಳಿ ಹೋಗೋಣ.