ಶಿಲ್ಕು ಯಾರ ಹೊಣೆ?

ಊರೂರಿನ ಶಾಖೆಗಳ ಲೆಕ್ಕವನ್ನೆಲ್ಲ ಒಂದೇ ಯಂತ್ರದಲ್ಲಿ ಕೂಡಿಸಿದರೆ ವ್ಯವಹಾರ ಸಲೀಸಾಗುತ್ತದೆಂದು ದೊಡ್ಡ ಧಣಿಗಳು ಹೇಳುತ್ತಾರೆ. ಆಗುತ್ತದೆ, ನಿಜ. ಆದರೆ ಲೆಕ್ಕ ತಪ್ಪಿದ ದಿನ ಅದು ಯಾರ ಕುತ್ತಿಗೆಗೆ ಬರುತ್ತದೆ?

ಬ್ರಿಟನ್ನಿನ ಅಂಚೆ ಸಂಸ್ಥೆಯ ಕಥೆ ಕೇಳಿ. ಅಲ್ಲಿ ಹಳ್ಳಿಪೇಟೆಗಳ ಅಂಚೆ ಕೌಂಟರುಗಳನ್ನು ಬಹುಮಟ್ಟಿಗೆ ನಡೆಸುವವರು ಸಂಬಳದ ನೌಕರರಲ್ಲ. ನಮ್ಮ ನಿಮ್ಮಂಥ ಸಣ್ಣ ಅಂಗಡಿಯವರು. 1999ರಿಂದ ಅವರ ಕೌಂಟರುಗಳನ್ನೆಲ್ಲ ಫುಜಿತ್ಸು ಕಂಪನಿಯ 'ಹೊರೈಜನ್' ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಜೋಡಿಸಿದರು. ಸಂಜೆ ಶಿಲ್ಕು ಎಣಿಸಿದರೆ ಪೆಟ್ಟಿಗೆಯ ಹಣಕ್ಕೂ ಪರದೆಯ ಅಂಕಿಗೂ ತಾಳೆಯಿಲ್ಲ. ಸಹಾಯ ಕೇಳಿದರೆ, ಈ ತೊಂದರೆ ನಿಮ್ಮೊಬ್ಬರಿಗೇ ಎಂಬ ಉತ್ತರ ಅನೇಕರಿಗೆ ಬಂತು. ಕರಾರು ತೋರಿಸಿ ಕೊರತೆ ತುಂಬಿಸಿಕೊಂಡರು. ಮನೆ ಅಡವಿಟ್ಟು ತುಂಬಿದವರಿದ್ದಾರೆ. 2015ರೊಳಗೆ 900ಕ್ಕೂ ಹೆಚ್ಚು ಮಂದಿ ಕಳ್ಳತನ, ಸುಳ್ಳು ಲೆಕ್ಕ ಮುಂತಾದ ಆರೋಪಗಳಲ್ಲಿ ಅಪರಾಧಿಗಳೆನಿಸಿದರು. ಹಲವರು ಜೈಲು ಕಂಡರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು.

ಕಂಪನಿಯ ಎಂಜಿನಿಯರುಗಳು ದೂರದಿಂದಲೇ ಶಾಖೆಯ ಖಾತೆಗೆ ಕೈಹಾಕಬಲ್ಲವರಾಗಿದ್ದರು. ಅಂಚೆ ಸಂಸ್ಥೆ ವರ್ಷಗಟ್ಟಲೆ ಅಲ್ಲವೆಂದು ಸಾಧಿಸಿತು. ಅಂಗಡಿಯವನಿಗೋ, ಒಳಗಿನ ಖತಾವಣಿ ನೋಡಲು ದಾರಿಯೇ ಇಲ್ಲ. ಯಂತ್ರ ಬೇಡವೆಂಬ ವಾದ ನನ್ನದಲ್ಲ. ಹಣದ ಹೊಣೆ ಹೊತ್ತವನಿಗೆ, ಅವನು ಅಂಗಡಿಯವನಾಗಲಿ ಗಿರಣಿಯ ಉಗ್ರಾಣದ ಗುಮಾಸ್ತನಾಗಲಿ, ಆ ಲೆಕ್ಕದ ಪೂರ್ಣ ನಕಲು ಕೈಗೆ ಬರಬೇಕು. ಇದಿಲ್ಲದ ಕರಾರಿಗೆ ಸಹಿ ಹಾಕಬಾರದು.

ವೇಲ್ಸಿನ ಅಲನ್ ಬೇಟ್ಸ್ ಎಂಬ ಅಂಚೆ ಅಂಗಡಿಯವರ ಮುಂದಾಳುತನದಲ್ಲಿ 555 ಜನ ದಾವೆ ಹೂಡಿದರು. 2019ರಲ್ಲಿ ಹೈಕೋರ್ಟು ಯಂತ್ರದ ದೋಷವನ್ನು ಒಪ್ಪಿತು. ಹಳೆಯ ಶಿಕ್ಷೆಗಳನ್ನು ಒಟ್ಟಾಗಿ ರದ್ದುಮಾಡುವ ಕಾಯಿದೆ ಬಂದದ್ದು 2024ರಲ್ಲಿ. ಅಷ್ಟರಲ್ಲಿ ಎಷ್ಟೋ ಮಂದಿ ಮಣ್ಣಾಗಿದ್ದರು.